ಗಾದಿಯ ಬಾಯಿ

ಬೇರೆಯವರ ಗಾದಿಯೊಳಗೆ ಏನೇನಿರುತ್ತದೆ ಎಂದು ನನ್ನನ್ನು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಊಟ ಸೇರುವುದಿಲ್ಲ. ನಾವು ಪಿಂಜಾರರು. ಸೇಡಂ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಗಾದಿ ಅಂಗಡಿ. ಹತ್ತಿ ಹಿಂಜುವುದು, ಗಾದಿ ತುಂಬಿ ಹೊಲಿಯುವುದು, ಹಳೆಯದನ್ನು ಬಿಚ್ಚಿ ಮತ್ತೆ ಹಿಂಜಿ ಕೊಡುವುದು, ಇದೇ ನಮ್ಮ ಕಸುಬು. ನಾನು, ನಜಮುನ್ನೀಸಾ, ಮೂವತ್ತೈದು ವರ್ಷದಿಂದ ಈ ಊರಿನವರ ಹಳೆಯ ಗಾದಿಗಳನ್ನು ಬಿಚ್ಚಿದವಳು. ಕೂಸಿನ ಉಚ್ಚೆ, ಮುದುಕರ ಬೆವರು, ಉದುರಿದ ಕೂದಲು, ತಿಗಣೆ, ಒಣಗಿ ಕಡ್ಡಿಯಾದ ಹಲ್ಲಿ, ಅರ್ಧ ತಿಂದ ಬಿಸ್ಕತ್ತು. ಒಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತ್ತು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಎಲ್ಲವನ್ನೂ ಆರಿಸಿ ತೆಗೆದಿದ್ದೇನೆ. ಥೂ ಎಂದಿದ್ದೇನೆ. ಆದರೆ ಇದು ಅವರ ಹೊಲಸು, ನನ್ನದಲ್ಲ ಎಂಬ ಧಿಮಾಕು ಒಳಗೊಳಗೆ ಇತ್ತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಗಾದಿ ಹೊಲಿಯುವಾಗ ತಲೆಯ ಕಡೆ ಒಂದು ಗೇಣು ಹೊಲಿಗೆ ಹಾಕದೆ ಬಿಡುತ್ತೇವೆ. ಅದಕ್ಕೆ ಬಾಯಿ ಎನ್ನುತ್ತೇವೆ. ಗಿರಾಕಿಯನ್ನು ಕರೆದು 'ಬಾಯಿ ನೋಡ್ರಿ' ಎನ್ನಬೇಕು. ಅವರು ಒಳಗೆ ಕೈ ಹಾಕಿ, ಒಂದು ಹಿಡಿ ಹತ್ತಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ತಿರುಗಿ ಒಳಗಿಡುತ್ತಾರೆ. ಆಮೇಲೆ ಅವರ ಎದುರೇ ಬಾಯಿ ಹೊಲಿಯಬೇಕು. ನನ್ನ ಯಜಮಾನರು ಹಾಜಿಸಾಬರು ಬಾಯಿ ನೋಡಿಸದೆ ಒಂದು ದಿಂಬನ್ನೂ ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಈಗ ಹಿಂದಿನ ಶೆಡ್ಡಿನಲ್ಲಿ ಮಷೀನು ಹಚ್ಚಿ ಹಿಂಜುವುದು, ತುಂಬುವುದು ಮಗ ಸೊಹೇಲನ ಕೆಲಸ. ಮುಂದೆ ಕುಳಿತು ಹೊಲಿಯುವುದು, ಬಾಯಿ ನೋಡಿಸುವುದು ನನ್ನದು.

ಬೇಸಿಗೆ ಏರುತ್ತಿದ್ದ ಒಂದು ದಿನ ಶಿವಕಾಂತಮ್ಮನವರು ಫೋನು ಮಾಡಿದರು. ಅವರು ರಿಟೈರಾದ ಶಾಲೆ ಟೀಚರು, ಸೊಹೇಲನಿಗೆ ಅಕ್ಷರ ಕಲಿಸಿದವರು. ನಾನು ಅವರನ್ನು ಅಕ್ಕಾರು ಎಂದೇ ಕರೆಯುವುದು. ಅವರ ಮನೆಯಲ್ಲಿ ನಮ್ಮ ಅಂಗಡಿಯದಲ್ಲದ ಗಾದಿಯೇ ಇಲ್ಲ.

"ನಜಮಾ, ಎರಡ ತಿಂಗಳಾತು ನೋಡು, ಹಾಸಗಿ ಮ್ಯಾಲ ಬಿದ್ದ ಕೂಡಲೇ ಸೀನು ಶುರು ಆಗ್ತದ. ಮೈಯೆಲ್ಲಾ ತುರಸ್ತದ. ಡಾಕ್ಟರು ಧೂಳಿನ ಅಲರ್ಜಿ ಅಂದಾರ. ಧೂಳು ಎಳ್ಯೋ ಮಷೀನ್ ತಗೋಬೇಕಂತ ಮಾಡೀನಿ. ಎರಡು ನಮೂನಿ ತಂದು ತೋರಸಾಕತ್ತಾರ. ಯಾವುದು ತಗೋಬೇಕೋ ನನಗ ತಿಳಿಯವಲ್ದು. ನೀ ಬಾ. ಧೂಳಿನ ವಿಷಯ ನಿನಗ ಗೊತ್ತಿದ್ದಂಗ ಈ ಊರಾಗ ಯಾರಿಗೂ ಗೊತ್ತಿಲ್ಲ."

ಇಷ್ಟು ಕೇಳಿ ನಾನು ಉಬ್ಬಿಹೋದೆ. ಒಗೆದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಹೊರಟೆ. ಸೇಡಂನಲ್ಲಿ ಧೂಳಿಗೇನು ಕಡಿಮೆ? ವಾಡಿಗೆ ಹೋಗಿ, ಶಹಾಬಾದಿಗೆ ಹೋಗಿ, ಎಲ್ಲಿ ಹೋದರೂ ಸಿಮೆಂಟು ಫ್ಯಾಕ್ಟರಿಯ ಪುಡಿ, ಫರ್ಸಿ ಕಲ್ಲಿನ ಪುಡಿ. ಬೆಳಿಗ್ಗೆ ಒರೆಸಿದ ಕಪಾಟಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಒಣಗಲು ಹಾಕಿದ ಬಿಳಿ ಅಂಗಿಯನ್ನು ಬೂದು ಅಂಗಿಯಾಗಿ ಮಡಚಿಡುತ್ತೇವೆ. ಅಕ್ಕಾರರ ಸೀನಿಗೂ ಇದೇ ಕಾರಣ ಎಂದು ನಾನು ಪೂರಾ ನಂಬಿದ್ದೆ.

ಅವರ ನಡುಮನೆಯಲ್ಲಿ, ನುಣ್ಣಗೆ ಒರೆಸಿದ ಶಹಾಬಾದಿ ಫರ್ಸಿಯ ಮೇಲೆ ಎರಡು ಮಷೀನು ನಿಂತಿದ್ದವು. ತೋರಿಸಲು ಬಂದವನು ಚಿತ್ತಾಪುರದ ಅಂಬರೇಶ, ಮೀಸೆಗೆ ಎಣ್ಣೆ ಹಚ್ಚಿಕೊಂಡ ನಲವತ್ತರ ಆಸಾಮಿ. ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ಇದು ನೋಡ್ರಿ, ತಾನ ನೆಟ್ಟಗ ನಿಂದರ್ತದ. ವೈರಿಂದು. ಭಾರ ಅದ, ಆದ್ರ ಜಗ್ಗೂ ತಾಕತ್ತು ಭಾಳ. ಧೂಳೆಲ್ಲಾ ಈ ಬಟ್ಟಿ ಚೀಲದಾಗ ಹೋಗಿ ಕುಂದರ್ತದ, ಕಣ್ಣಿಗೆ ಬೀಳಂಗಿಲ್ಲ, ಕೈಗೆ ಹತ್ತಂಗಿಲ್ಲ. ಇದು ಕೋಲಿಂದು, ವೈರಿಲ್ಲ, ಚಾರ್ಜ್ ಹಾಕೂದು. ಹಗೂರ ಅದ, ಒಂದ ಕೈಯಾಗ ಹಿಡೀಬಹುದು. ಧೂಳು ಈ ಗಾಜಿನಂಥ ಡಬ್ಬಿಯಾಗ ಬೀಳ್ತದ, ನಿಮಗ ಕಾಣಸ್ತದ. ಜೋರ್ ಹಚ್ಚಿದ್ರ ಮಾತ್ರ ಚಾರ್ಜ್ ಜಲ್ದಿ ಇಳೀತದ್ರಿ, ಸುಳ್ಳ ಹೇಳಂಗಿಲ್ಲ."

"ನನಗ ಮೊಣಕಾಲ ನೋವು, ಹಗೂರಂದೇ ಚಲೋ ಅನಸ್ತದ" ಎಂದರು ಅಕ್ಕಾರು. "ಆದ್ರ ಧೂಳು ಕಣ್ಣಿಗೆ ಬೀಳೂದಂದ್ರ ಒಂಥರಾ ಹೇಸಿಗಿ. ನೀ ಏನಂತಿ ನಜಮಾ?"

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಖಾಲಿ ಮಾತಾಡಿದ್ರ ಏನ ತಿಳೀತದ್ರಿ? ಹಚ್ಚಿ ನೋಡ್ರಿ. ನೆಲಕ್ಕ ಹಚ್ಚರಿ, ಪಡದಾಕ್ಕ ಹಚ್ಚರಿ. ಬೇಕಾರ ನಾ ಕೊಟ್ಟ ಹೊಸಾ ಗಾದಿಗೂ ಹಚ್ಚರಿ. ಅದರಾಗ ಒಂದ ಚಿಟಿಕಿ ಹೊಲಸು ಬಂದ್ರ ನಾ ಈ ಕಸಬೇ ಬಿಡ್ತೀನಿ."

ಅಂಬರೇಶನಿಗೆ ಅಷ್ಟೇ ಬೇಕಾಗಿತ್ತು. ಮೊದಲು ನೆಟ್ಟಗೆ ನಿಲ್ಲುವ ಮಷೀನನ್ನು ಅಕ್ಕಾರರ ಹಾಸಿಗೆಯ ಪಕ್ಕಕ್ಕೆ ತಂದ. ಅದಕ್ಕೊಂದು ಕೊಳವೆ ಸಿಕ್ಕಿಸಿ ಗಾದಿಯ ಮೇಲೆ ಆಡಿಸಿದ. ರೈಲು ಬಂದಷ್ಟು ಸದ್ದು. ನಿಲ್ಲಿಸಿದ ಮೇಲೆ ನೋಡಿದರೆ ಎಲ್ಲಿಯೂ ಏನೂ ಇಲ್ಲ, ಚೀಲ ಇದ್ದ ಹಾಗೇ ಇದೆ. "ನೋಡಿದ್ರಾ?" ಎಂದು ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡೆ.

ಆಮೇಲೆ ಕೋಲಿನದನ್ನು ಹಚ್ಚಿದ. ಎರಡು ಸಲ ಆ ಕಡೆ, ಎರಡು ಸಲ ಈ ಕಡೆ. ಗಾಜಿನ ಡಬ್ಬಿಯೊಳಗೆ ಏನೋ ಗಿರಗಿರ ಸುತ್ತತೊಡಗಿತು. ನಿಲ್ಲಿಸಿದ. ಡಬ್ಬಿ ಬಿಚ್ಚಿ ನಮ್ಮ ಮೂಗಿನ ಹತ್ತಿರ ಹಿಡಿದ.

"ನೋಡ್ರಿ ಮೇಡಂ! ಎಷ್ಟ ಹೊಲಸು ಅದ ನೋಡ್ರಿ! ಇದರ ಮ್ಯಾಲ ಮುಖ ಇಟ್ಟು ಮಲಗ್ತೀರಿ ನೀವು!"

"ಫ್ಯಾಕ್ಟರಿ ಧೂಳು ಬಿಡೋ ಮಾರಾಯಾ" ಎಂದರು ಅಕ್ಕಾರು ತಕ್ಷಣ. ನನ್ನ ಮುಖ ನೋಡಿ ಹೇಳಿದರು. "ಇದರಾಗ ನಜಮಾಂದೇನು ತಪ್ಪದ? ಕಿಡಕಿ ತಗದಿಟ್ರ ಅನ್ನದಾಗೂ ಬೀಳ್ತದ."

ಆದರೆ ಧೂಳು ನನಗೆ ಗೊತ್ತಿದೆಯಲ್ಲ. ಸಿಮೆಂಟಿನ ಧೂಳು ಹಿಟ್ಟಿನಷ್ಟು ಸಣ್ಣ, ಬೂದಿ ಬಣ್ಣ. ಒಳ್ಳೆಯ ಹತ್ತಿಯ ಧೂಳು ಬಿಳಿ. ಡಬ್ಬಿಯೊಳಗಿದ್ದದ್ದು ನೀಲಿ, ಕೆಂಪು, ಕರಿ ಎಳೆಗಳ ನವಿರು, ನಡುವೆ ಕೂದಲಿನ ತುಂಡು. ಅದು ಚಿಂದಿ. ಕಸದ ರಾಶಿಯಲ್ಲಿ ಆಯ್ದ ಹಳೇ ಬಟ್ಟೆಯನ್ನು ಚೂರು ಮಾಡಿ, ಯಂತ್ರಕ್ಕೆ ಕೊಟ್ಟು, ಹತ್ತಿಯಂತೆ ಮಾಡಿ ಮಾರುತ್ತಾರಲ್ಲ, ಅದು. ಗಾದಿ ಕೊಟ್ಟು ಎರಡು ತಿಂಗಳು. ಅಕ್ಕಾರರಿಗೆ ಸೀನು ಹತ್ತಿ ಎರಡು ತಿಂಗಳು.

"ಹೇಳು ನಜಮಾ, ಯಾವುದು ತಗೊಳ್ಳಲಿ? ನೀ ಹೇಳಿದ್ದೇ ತಗೋತೀನಿ."

ನಾನು ಏನು ಹೇಳಿದೆ ಗೊತ್ತೇ? ಹೇಳಲು ಈಗಲೂ ನಾಲಿಗೆ ಹೇಸುತ್ತದೆ.

"ಚೀಲದ್ದೇ ತಗೋರಿ ಅಕ್ಕಾರ" ಎಂದೆ. "ಕಣ್ಣಿಗೆ ಬೀಳಂಗಿಲ್ಲ, ಮನಸ್ಸಿಗೆ ಹೇಸಿಗಿ ಇರಂಗಿಲ್ಲ."

"ಆತು, ಹಂಗೇ ಆಗಲಿ" ಎಂದರು ಅವರು. ಹೊಸ ಮಷೀನಿನ ಡಬ್ಬ ನಾಳೆ ಬೆಳಿಗ್ಗೆ ತರುತ್ತೇನೆಂದು ಅಂಬರೇಶ ಸಾಮಾನು ಕಟ್ಟಿದ. ಅಕ್ಕಾರು ನನಗೆ ಚಹಾ ಕೊಟ್ಟರು, ಜೊತೆಗೆ ಒಂದು ಕರ್ಚಿಕಾಯಿ. ತಿನ್ನಲಿಕ್ಕಾಗಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡೆ. ಹೊರಡುವಾಗ ಅವರು ಎರಡು ಸಲ ಸೀನಿದರು.

ಅಂಗಡಿಗೆ ಬಂದವಳೇ ಚಪ್ಪಲಿ ಕೂಡ ಬಿಡದೆ, ಮಾರಲು ಇಟ್ಟಿದ್ದ ಒಂದು ಹೊಸ ಗಾದಿಯನ್ನು ನೆಲಕ್ಕೆ ಕೆಡವಿದೆ. ಅದರ ಬಾಯಿ ಇನ್ನೂ ಹೊಲಿದಿರಲಿಲ್ಲ. ಕೈ ಹಾಕಿದೆ. ಬಿಳಿ ಹತ್ತಿ, ಮೃದು, ಬೆಳ್ಳಗೆ ನೊರೆಯ ಹಾಗೆ. ಇನ್ನೂ ಒಳಗೆ ತಳ್ಳಿದೆ, ಮೊಣಕೈ ತನಕ. ಅಲ್ಲಿಯೂ ಹತ್ತಿ. ಆಗ ಬ್ಲೇಡು ತಗೊಂಡು ಕಾಲಿನ ಕಡೆಯ ಹೊಲಿಗೆಯನ್ನು ಉದ್ದಕ್ಕೆ ಸೀಳಿದೆ.

ಯಾ ಅಲ್ಲಾ! ಎಲ್ಲ ಬಣ್ಣ ಕಲೆತು ಬೂದಾದ ಚಿಂದಿ ಭಸಕ್ಕನೆ ಹೊರಗೆ ಬಂತು. ಹಿಂಜಿದ್ದೂ ಸರಿಯಾಗಿ ಹಿಂಜಿರಲಿಲ್ಲ. ಲಾಡಿ ತುಂಡು, ಕಾಲುಚೀಲದ ತುದಿ, ಯಾರದೋ ಒಳ ಅಂಗಿಯ ಕಟ್ಟು, ಜಡೆಯಿಂದ ಬಿದ್ದ ಕೂದಲಿನ ಉಂಡೆ, ಬೀಡಿ ತುಂಡು. ಒಂದು ಬ್ಯಾಂಡೇಜು ಪಟ್ಟಿ ಇತ್ತು, ಅದರ ಮೇಲೆ ಒಣಗಿ ಕಪ್ಪಾದ ಕಲೆ. ಔಷಧಿಯೋ, ರಕ್ತವೋ, ಕೀವೋ. ಹಳಸಿದ ಎಣ್ಣೆಯ ವಾಸನೆ ಅಂಗಡಿ ತುಂಬ ಹರಡಿತು. ಮೂವತ್ತೈದು ವರ್ಷ ಜನರ ಉಚ್ಚೆ ಬೆವರು ತೆಗೆದು ವಾಂತಿ ಮಾಡದವಳು ಮೋರಿಗೆ ಓಡಿ ವಾಂತಿ ಮಾಡಿದೆ. ಬೇರೆಯವರು ತಮ್ಮ ಗಾದಿಯನ್ನು ತಾವೇ ಹೊಲಸು ಮಾಡಿಕೊಳ್ಳುತ್ತಾರೆ. ನಾವು ಹೊಲಸನ್ನೇ ಹೊಲಿದು, ಹೂವಿನ ಬಟ್ಟೆ ಹೊದಿಸಿ ಮಾರಿದ್ದೆವು.

"ಸೊಹೇಲ್!" ಎಂದು ಕೂಗಿದೆ. ಶೆಡ್ಡಿನಿಂದ ಬಂದ. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ, ನೀಲಿ ನವಿರು ಅಂಟಿತ್ತು.

"ಏನಿದು?"

ನೆಲದ ಮೇಲೆ ನೋಡಿದ. ಹೆದರಲಿಲ್ಲ, ನಾಚಲಿಲ್ಲ. ತಲೆ ಕೆರೆದುಕೊಂಡ.

"ಏನದ ಅಮ್ಮೀ, ಎಲ್ಲಾರೂ ಇದನ್ನೇ ಹಾಕಾಕತ್ತಾರ. ಮಂದಿ ಮೊಬೈಲಿನಾಗ ಫೋಮಿನ ಗಾದಿ ತರಸ್ತಾರ. ಪೂರಾ ಹತ್ತಿ ಹಾಕಿದ್ರ ನಾವು ಅಂಗಡಿ ಮುಚ್ಚೂದೇ. ಬಾಯಿಗಿ ಚಲೋ ಹತ್ತಿನೇ ಇಡ್ತೀನಲ್ಲ. ಕೈ ಎಲ್ಲಿತನಕ ಹೋಗ್ತದೋ ಅಲ್ಲಿತನಕ."

"ನಾಚಿಕಿ ಆಗಲ್ಲೇನೋ ನಿನಗ? ಅಕ್ಕಾರರ ಗಾದಿಗೂ ಇದನ್ನೇ ತುಂಬಿದಿ? ನಿನ್ನ ಕೈ ಹಿಡಿದು ಅಆಇಈ ಬರಸಿದಾಕಿಗೆ?"

"ಅವರಿಗಿ ಬ್ಯಾರೆ, ಇವರಿಗಿ ಬ್ಯಾರೆ ತುಂಬಾಕ ಆಗ್ತದೇನು?" ಎಂದ. ಆಮೇಲೆ ನನ್ನನ್ನು ನೆಟ್ಟಗೆ ನೋಡಿದ. "ಬಾಯಿ ನೋಡ್ಸೂದು ಯಾರು, ನಾನಾ? ನೀನ ಅಲ್ಲ? ವರ್ಷಾತು, ಹೊಲೀತಿ, ಎತ್ತತಿ, ಇಡ್ತಿ. ಖರೇನೇ ಗೊತ್ತಿರಲಿಲ್ಲೇನು ನಿನಗ?"

ಕೆನ್ನೆಗೆ ಬಾರಿಸಲು ಎತ್ತಿದ ಕೈ ಅಲ್ಲೇ ನಿಂತಿತು. ಗಾದಿಗೆ ಮೇಲಿಂದ ಕೆಳಕ್ಕೆ ಟಾಕು ಹೊಲಿಗೆ ಹಾಕುವಾಗ ಸೂಜಿ ನಡುವಿನಲ್ಲಿ ಕಚಕ್ಕೆಂದು ಸಿಕ್ಕಿಕೊಳ್ಳುತ್ತಿತ್ತು. ಹತ್ತಿಯಲ್ಲಿ ಸೂಜಿ ಎಂದೂ ಸಿಕ್ಕುವುದಿಲ್ಲ, ಹಿಂಜಿದ ಹತ್ತಿ ಅದನ್ನು ತಡೆಯುವುದೇ ಇಲ್ಲ. ಸೂಜಿ ಮೊಂಡಾಯಿತು ಎಂದುಕೊಂಡೆ. ಈ ವರ್ಷ ಆರು ಸಲ ಸೂಜಿ ಬದಲಿಸಿದ್ದೆ. ಮಗನ ಕಿವಿಯ ನೀಲಿ ನವಿರನ್ನು ನಾನೇ ಎಷ್ಟೋ ಸಲ ಸೆರಗಿನಿಂದ ಒರೆಸಿದ್ದೆ, ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ಚಿಂದಿ ನೋಡಿ ಬಂದ ವಾಕರಿಕೆಗಿಂತ ಈ ವಾಕರಿಕೆ ದೊಡ್ಡದು. ಯಾಕೆಂದರೆ ಇದನ್ನು ಮೋರಿಗೆ ಉಗುಳಲು ಬರುವುದಿಲ್ಲ.

"ಸುಮ್ನಿದ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದ ಸೊಹೇಲ್, ದನಿ ತಗ್ಗಿಸಿ. "ನಾಳೆ ನೀ ಅಕ್ಕಾರರ ಮನಿಗಿ ಹೋಗಿ ಹೇಳಿದಿ ಅಂದ್ರ, ಸಂಜೀಗಿ ಸೇಡಂ ತುಂಬ ಸುದ್ದಿ. ಅಬ್ಬಾನ ಹೆಸರು ಮಣ್ಣಾಗ ಹೋಗ್ತದ. ವಿಚಾರ ಮಾಡು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಜಿಸಾಬರ ಅಂಗಡಿ ಎಂದರೆ ಚಿಂಚೋಳಿಯಿಂದಲೂ ಜನ ಗಾದಿ ಮಾಡಿಸಲು ಬರುತ್ತಾರೆ. ಆ ಹೆಸರು ಒಂದೇ ನಮ್ಮ ಹತ್ತಿರ ಇರುವುದು. ಅದು ಹೋದರೆ ನಾನು ಯಾರು? ಆದರೆ ನಾನು ಬಾಯಿ ಮುಚ್ಚಿಕೊಂಡರೆ ಅಕ್ಕಾರು ಅದೇ ಗಾದಿಯ ಮೇಲೆ ಮಲಗುತ್ತಾರೆ, ಸೀನುತ್ತಾರೆ, ಕೆರೆದುಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ಮೊಣಕಾಲು ಎಳೆಯುತ್ತ ಆ ಭಾರದ ಮಷೀನನ್ನು ಅದರ ಮೇಲೆ ಆಡಿಸುತ್ತಾರೆ. ಚೀಲದೊಳಗೆ ಏನು ತುಂಬುತ್ತಿದೆ ಎಂದು ಅವರಿಗೆ ಎಂದೂ ಕಾಣುವುದಿಲ್ಲ. ಅದನ್ನು ಆರಿಸಿಕೊಟ್ಟವಳು ನಾನು. ಸೆರಗಿನಲ್ಲಿ ಕರ್ಚಿಕಾಯಿ ಇನ್ನೂ ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಬ್ಲೇಡನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಅಂಬರೇಶ ಆಗಲೇ ಬಂದಿದ್ದ, ಡಬ್ಬದ ಟೇಪು ಕೀಳುತ್ತಿದ್ದ.

"ನಿಂದ್ರಪಾ, ಬಿಚ್ಚಬ್ಯಾಡ" ಎಂದೆ. "ಅಕ್ಕಾರ, ಚೀಲದ್ದು ಬ್ಯಾಡ್ರಿ. ನಿನ್ನೆ ನಾ ಸುಳ್ಳ ಹೇಳೀನಿ. ಕಾಣಸೂದು ತಗೋರಿ."

"ಯಾಕ, ಏನಾತು?"

ಅವರ ಮಲಗುವ ಕೋಣೆಗೆ ಹೋದೆ, ಚಾದರು ಎಳೆದೆ, ಕಾಲಿನ ಕಡೆಯ ಹೊಲಿಗೆಯನ್ನು ಸೀಳಿದೆ. ನಾನೇ ಹಾಕಿದ ಹೊಲಿಗೆ, ಗಟ್ಟಿ ಇತ್ತು, ಮೂರು ಸಲ ಎಳೆಯಬೇಕಾಯಿತು. ಅಂಬರೇಶ ಬಾಗಿಲಲ್ಲಿ ನಿಂತು "ಅಯ್ಯಯ್ಯ!" ಎಂದ. ಅದೇ ಬೂದು ಚಿಂದಿ, ಅದೇ ಕೂದಲು, ಅದೇ ವಾಸನೆ. ಇದರಲ್ಲಿ ಒಂದು ಕೂಸಿನ ಟೊಪ್ಪಿಗೆಯ ತುಂಡೂ ಇತ್ತು, ಎಣ್ಣೆಯ ಜಿಡ್ಡು ಗಟ್ಟಿಯಾಗಿ ಕಪ್ಪಗಾಗಿತ್ತು.

ಅಕ್ಕಾರು ಹತ್ತಿರ ಬಂದು ಬಗ್ಗಿ ನೋಡಿದರು. ಎರಡು ಬೆರಳಿನಿಂದ ಒಂದು ಎಳೆ ಎತ್ತಿದರು, ಕೈ ಬಿಟ್ಟರು, ಬಚ್ಚಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಕೈ ಮೊಣಕೈ ತನಕ ಕೆಂಪಗಾಗಿತ್ತು, ಅಷ್ಟು ಉಜ್ಜಿಕೊಂಡಿದ್ದರು.

"ಬಾಯಿ ನೋಡಿದ್ದೆನಲ್ಲ ನಜಮಾ" ಎಂದರು. "ನೀ ಕರದಿ, ನಾ ಕೈ ಹಾಕಿ ನೋಡೀನಿ. ಬೆಳ್ಳಗಿತ್ತು."

"ಬಾಯಾಗಷ್ಟೇ ಇತ್ರಿ."

"ನಿನಗ ಗೊತ್ತಿತ್ತೇನು?"

"ಗೊತ್ತಿರಲಿಲ್ಲ" ಎನ್ನಲು ಹೋದೆ. ಆರು ಸೂಜಿ ನೆನಪಾದವು. "ಗೊತ್ತ ಮಾಡ್ಕೊಳ್ಳಲಿಲ್ರಿ" ಎಂದೆ. "ಮಾಫ್ ಮಾಡ್ರಿ ಅಕ್ಕಾರ."

"ಮಾಫಿ ಆಮ್ಯಾಲ ನೋಡಣಂತ. ಮೊದಲ ಈ ಹೊಲಸು ನನ್ನ ಮನಿಯಿಂದ ಹೊರಗ ಹಾಕು."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಅಂಬರೇಶನ ಕಡೆ ತಿರುಗಿ, "ಕೋಲಿಂದೇ ಕೊಡು, ಡಬ್ಬಿ ಕಾಣಸೂದು" ಎಂದರು. ಅವನು ಖುಷಿಯಿಂದ ಗಾಡಿಯ ಕಡೆ ಓಡಿದ. ಹೋಗುತ್ತ ನನ್ನ ಕಿವಿಯ ಹತ್ತಿರ ಬಂದು, "ನಿಮ್ಮಂಥೋರು ಊರಿಗೊಬ್ಬರಿದ್ರ ಸಾಕ್ರಿ, ನನ್ನ ಮಷೀನ್ ತಾವೇ ಮಾರಾಟ ಆಗ್ತಾವ" ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಸೊಹೇಲ್ ಹೇಳಿದ ಹಾಗೆಯೇ ಆಯಿತು. ಸಂಜೆಯೊಳಗೆ ಸುದ್ದಿ ಬಸ್‌ಸ್ಟ್ಯಾಂಡು ದಾಟಿತ್ತು. ಒಬ್ಬರ ಹಿಂದೊಬ್ಬರು ಗಾದಿ ಹೊತ್ತು ತಂದು ಅಂಗಡಿಯ ಮುಂದೆ ಒಗೆದರು. ಭಾಗಣ್ಣ ಎನ್ನುವ ಹಳೆಯ ಗಿರಾಕಿ ಒಳಗೆ ಕಾಲಿಡಲಿಲ್ಲ, ರಸ್ತೆಯಲ್ಲೇ ನಿಂತು ಉಗುಳಿ ಹೋದ. ಅವನ ಉಗುಳು ನಮ್ಮ ಕಟ್ಟೆಯ ಮೇಲೆ ಬಿತ್ತು. ನಾನೇ ನೀರು ಹಾಕಿ ತೊಳೆದೆ. ಶೆಡ್ಡಿನ ಚಿಂದಿಯನ್ನೆಲ್ಲ ಸೊಹೇಲನ ಕೈಯಿಂದಲೇ ಹೊರಗೆ ಹಾಕಿಸಿದೆ. ಅವನು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ, ನಾನೂ ಕರೆಯಲಿಲ್ಲ.

ಐದನೆಯ ದಿನ ಅಟ್ಟದ ಮೇಲಿಂದ ಹಾಜಿಸಾಬರ ಹಿಂಜುವ ಬಿಲ್ಲು ಇಳಿಸಿದೆ. ಹೊಸ ಹತ್ತಿ ಹೊರಿಸಿಕೊಂಡು, ಸೊಹೇಲನನ್ನೂ ಎಳೆದುಕೊಂಡು ಅಕ್ಕಾರರ ಮನೆಗೆ ಹೋದೆ. ಮೊದಲೆಲ್ಲ ನಮ್ಮವರು ಹೀಗೆಯೇ ಗಿರಾಕಿಯ ಅಂಗಳದಲ್ಲಿ, ಅವರ ಕಣ್ಣೆದುರೇ ಹಿಂಜುತ್ತಿದ್ದರು. ಅಕ್ಕಾರು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತರು. ನಾನು ಬಿಲ್ಲು ಮೀಟಿದೆ. ಅರ್ಧ ತಾಸಿಗೆ ತೋಳು ಬಿದ್ದುಹೋಯಿತು. ಸೊಹೇಲ್ ಮುಖ ಗಂಟು ಹಾಕಿಕೊಂಡೇ ಬಿಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡ. ಅವನಿಗೆ ಅದು ಹಿಡಿಯಲೂ ಬರುತ್ತಿರಲಿಲ್ಲ, ದಾರ ಎರಡು ಸಲ ಮೂಗಿಗೆ ಬಡಿಯಿತು.

"ಚಂದಾಗಿ ಹಿಡಿಯೋ, ಬಳಪ ಹಿಡದಂಗ ಹಿಡೀಬ್ಯಾಡ" ಎಂದರು ಅಕ್ಕಾರು. ಅವನು ತಲೆ ತಗ್ಗಿಸಿ "ಹೂಂರಿ ಟೀಚರ್" ಎಂದ. ಆ ದಿನ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಮಧ್ಯಾಹ್ನ ಊಟದ ಹೊತ್ತಿಗೆ ಗಾದಿ ತುಂಬಿತು. ಹೊಲಿದೆ. ಸೂಜಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ತಲೆಯ ಕಡೆ ಒಂದು ಗೇಣು ಬಿಟ್ಟು, ಸೆರಗು ಸರಿಮಾಡಿಕೊಂಡು ಕರೆದೆ.

"ಅಕ್ಕಾರ, ಬಾಯಿ ನೋಡ್ರಿ."

ಅವರು ಎದ್ದರು. ಗಾದಿಯ ಹತ್ತಿರ ಬರಲಿಲ್ಲ, ಒಳಗೆ ಹೋದರು. ಬರುವಾಗ ಕೈಯಲ್ಲಿ ಆ ಕೋಲಿನ ಮಷೀನು ಇತ್ತು. ಬೆಳಿಗ್ಗೆಯಿಂದ ಅಂಗಳದಲ್ಲಿ ಕೂತು ಪ್ರತಿಯೊಂದು ಹಿಡಿ ಹತ್ತಿಯನ್ನೂ ಕಣ್ಣಾರೆ ನೋಡಿದ ಮೇಲೂ ಮಷೀನು ತಂದರಲ್ಲ ಎಂದು ನನ್ನ ಮುಖ ಉರಿಯಿತು. ಆದರೆ ಉರಿಯಲು ನನಗೇನು ಹಕ್ಕಿತ್ತು? ಅವರು ಬಾಯಿಯ ಕಡೆ ತಿರುಗಿಯೂ ನೋಡದೆ ಕಾಲಿನ ಕಡೆಯಿಂದ ಶುರು ಮಾಡಿದರು, ಪೂರಾ ಜೋರಿಗೆ ಹಚ್ಚಿ. ಒಂದು ಕೈ ಸೊಂಟಕ್ಕೆ, ಒಂದು ಕೈ ಮಷೀನಿಗೆ. ಒಂದೊಂದೇ ಗೇಣು, ಪರೀಕ್ಷೆಯ ಪೇಪರು ತಿದ್ದುವಾಗ ಹೋದ ಹಾಗೆ ನಿಧಾನವಾಗಿ ಹೋದರು. ಡಬ್ಬಿ ಎತ್ತಿ ಬಿಸಿಲಿಗೆ ಹಿಡಿದರು. ತಳದಲ್ಲಿ ಬಿಳಿ ಹತ್ತಿಯ ಒಂದೆರಡು ನವಿರು, ಅಷ್ಟೇ. ಮತ್ತೆ ಹಚ್ಚಿದರು. ಅರ್ಧ ಗಾದಿ ಆಗುವ ಹೊತ್ತಿಗೆ ಮಷೀನು ಗೊಂಯ್ ಎಂದು ದನಿ ಇಳಿಸಿ ನಿಂತುಹೋಯಿತು.

"ಚಾರ್ಜ್ ಹೋತು" ಎಂದರು. "ಚೀಲದ್ದು ತಗೊಂಡಿದ್ರ ವೈರಿತ್ತು, ಒಮ್ಮೆಲೇ ಮುಗೀತಿತ್ತು. ನೀನ ಬ್ಯಾಡಂದಿ."

ನಾನು ಸೂಜಿಗೆ ದಾರ ಪೋಣಿಸಿಕೊಂಡೇ ಕುಳಿತಿದ್ದೆ. "ಇಷ್ಟ ಕಡೆ ಬೆಳ್ಳಗ ಬಂದದಲ್ರಿ" ಎಂದೆ. "ಬಾಯಿ ಹೊಲೀಲಾ?"

"ಬ್ಯಾಡ, ನಿಂದರು" ಎಂದರು ಅಕ್ಕಾರು. ಮಷೀನನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು, ಕೆಂಪು ದೀಪ ಹತ್ತಿತು. "ನಾಕ ತಾಸು ಬೇಕಂತ ಇದಕ್ಕ. ಇನ್ನರ್ಧ ನೋಡೂದದ. ನಿನಗ ಗಡಿಬಿಡಿ ಇದ್ರ ಹೋಗು."

"ಇಲ್ರಿ" ಎಂದೆ. "ಕುಂದರ್ತೀನಿ."

ಸೊಹೇಲ್ ನನ್ನ ಪಕ್ಕದಲ್ಲಿ ಬಂದು ಕುಳಿತ. ಗಾದಿಯ ಬಾಯಿ ತೆರೆದೇ ಇತ್ತು. ನಾವಿಬ್ಬರೂ ಕೆಂಪು ದೀಪ ನೋಡುತ್ತ ಕುಳಿತೆವು.